ಉಪ್ಪು ಓಣಿಯಲ್ಲಿ ಎರಡು ಸಲ ಬಿದ್ದದ್ದು

ಮೊದಲು ಪಕ್ಕದ ಗುಡಿಯೊಳಗೆ ಕೂತಿರುವ ಕೆಂಪು ಮೋರೆಯ ಕ್ವಾನ್ ದೇವರಿಗೆ, ಆಮೇಲೆ ವೇದಿಕೆಯ ಮೇಲೆ ಕೂತಿರುವ ಅಧ್ಯಕ್ಷರಾದ ನಮ್ಮೂರ ಹಿರಿಯ ಹಾವ್ ಅವರಿಗೆ, ‘ಉಪ್ಪು ಓಣಿಯ ಹೆಣ್ಣು’ ಚಿತ್ರವನ್ನು ಹೊಸದಾಗಿ ತೆಗೆದ ನಿರ್ದೇಶಕ ಯಿಪ್ ಅವರಿಗೆ, ಹಾಂಗ್‌ಕಾಂಗ್‌ನ ಮೂಲೆಮೂಲೆಯಿಂದ ಬಂದಿರುವ ಸಾಹಸ ಕಲಾವಿದರ ಸಂಘದ ಅಣ್ಣಂದಿರಿಗೆ, ಮತ್ತು ಊಟದ ವಾಸನೆ ಬರುತ್ತಿದ್ದರೂ ಕುರ್ಚಿ ಬಿಟ್ಟೇಳದ ಸಭಿಕರಾದ ನಿಮ್ಮೆಲ್ಲರಿಗೂ ಕೈಮುಗಿಯುತ್ತೇನೆ. ದೇವರನ್ನು ಮೊದಲು ಹೆಸರಿಸಿದೆನೆಂದು ಅಧ್ಯಕ್ಷರು ಬೇಸರ ಮಾಡಿಕೊಳ್ಳಬಾರದು. ಅವರು ಗೆದ್ದದ್ದು ಚುನಾವಣೆಯಲ್ಲಿ, ದೇವರು ಗೆದ್ದದ್ದು ಯುದ್ಧದಲ್ಲಿ.

ನಾನು ಲಿಯು ಯುಕ್‌ಕ್ವಾನ್. ಗುಡಿಯ ದೀಪ ನೋಡಿಕೊಳ್ಳುವವಳು. ಈ ಸಭಾಭವನ ಮೊದಲು ನಮ್ಮೂರ ಶಾಲೆಯಾಗಿತ್ತು. ನಾನು ನಿಂತಿರುವ ಜಾಗದಲ್ಲೇ ಕರಿಹಲಗೆ ಇತ್ತು. ನನ್ನ ಓದು ಇಲ್ಲಿ ಶುರುವಾಗಿ ಇಲ್ಲೇ ಮುಗಿಯಿತು. ಈಗಲೂ ಇಲ್ಲಿ ನಿಂತರೆ ಯಾರಾದರೂ ಮಗ್ಗಿ ಕೇಳಿಬಿಟ್ಟಾರು ಎಂದು ಬಾಗಿಲ ಕಡೆ ನೋಡುತ್ತೇನೆ.

ಮಗ್ಗಿ ಕೇಳಿದ್ದರೇ ಸುಲಭವಿತ್ತು. ಆಹ್ವಾನಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಹೊಸ ಚಿತ್ರ ಹಳೆಯದಕ್ಕೆ ಸಮವೇ?’ ಎಂದು ಅಚ್ಚು ಹಾಕಿಸಿದ್ದಾರೆ. ಚಿತ್ರ ತೆಗೆದವರನ್ನು ಎದುರಿಗೇ ಕೂರಿಸಿ ಇಂಥ ಪ್ರಶ್ನೆ ಕೇಳಬಹುದೇ? ಯಿಪ್ ಅವರು ಆಗಲೇ ಎರಡು ಲೋಟ ಚಹಾ ಮುಗಿಸಿದ್ದಾರೆ. ಆದರೆ ಸುಳ್ಳು ಹೇಳಿದರೆ ನಾಳೆ ಬೆಳಗ್ಗೆ ನಾನು ದೇವರ ಮುಖ ನೋಡುವುದು ಹೇಗೆ?

ಹಳೆಯ ಚಿತ್ರದಲ್ಲಿ ಮಾತನ್ನು ಆಮೇಲೆ ಸೇರಿಸುತ್ತಿದ್ದರು. ಹಾಗಾಗಿ ಚಹಾ ಅಂಗಡಿಯವನಿಗೂ ಖಳನಾಯಕನಿಗೂ ಒಂದೇ ದನಿ, ಮಾತು ಮುಗಿದ ಮೇಲೂ ತುಟಿ ಆಡುತ್ತಲೇ ಇರುತ್ತಿತ್ತು. ಹೊಸದರಲ್ಲಿ ಅದೆಲ್ಲ ಚೊಕ್ಕ. ಆದರೆ ಹೊಡೆದಾಟ? ಹಳೆಯದರಲ್ಲಿ ತಲೆಯಿಂದ ಕಾಲಿನ ತನಕ ಇಡೀ ಮೈ ಕಾಣುತ್ತಿತ್ತು. ಯಾರು ಯಾರಿಗೆ ಹೊಡೆದರು ಎಂದು ನಮ್ಮೂರಿನ ಎಮ್ಮೆಗೂ ಅರ್ಥವಾಗುತ್ತಿತ್ತು. ಹೊಸದರಲ್ಲಿ ಒಂದು ಮುಷ್ಟಿ ಬರುತ್ತದೆ, ಒಂದು ಮೂಗಿನ ಹೊಳ್ಳೆ ಬರುತ್ತದೆ, ಅಷ್ಟರಲ್ಲಿ ನಾಲ್ಕು ಜನ ಬಿದ್ದಿರುತ್ತಾರೆ. ಇನ್ನೊಂದು ದೊಡ್ಡ ತಪ್ಪಿದೆ. ನಾಯಕಿಯ ತಾಯಿ ದೇವರಿಗೆ ಊದಿನಕಡ್ಡಿ ನೆಡುವುದು ಬಲಗೈಯಲ್ಲಿ! ಬಲಗೈ ಮೀನು ಕೊಯ್ಯುವ ಕೈ, ಕೋಳಿ ಕತ್ತು ಮುರಿಯುವ ಕೈ. ಕಡ್ಡಿ ನೆಡಬೇಕಾದದ್ದು ಎಡಗೈಯಲ್ಲಿ ಎಂದು ಮಕ್ಕಳಿಗೂ ಗೊತ್ತು. ಇದನ್ನು ಯಿಪ್ ಅವರಿಗೆ ಹೇಳಿದೆ. “ಅಕ್ಕಾ, ಸೆನ್ಸಾರ್‌ನೋರೂ ಇಷ್ಟು ನೋಡಲ್ಲ ಕಣಕ್ಕ” ಅಂದರು. ಸೆನ್ಸಾರ್‌ನವರು ನೋಡದಿದ್ದರೇನು, ನೋಡುವವನೊಬ್ಬನಿದ್ದಾನೆ.

ಹಾಗಾದರೆ ಸಮವೋ ಅಲ್ಲವೋ? ಅದನ್ನು ಹೇಳುವ ಮೊದಲು ಬೀಳುವ ವಿಷಯ ಹೇಳಬೇಕು.

ಮುಂದಿನ ಸಾಲಿನಲ್ಲಿ ಬೂದು ಟೋಪಿ ಹಾಕಿಕೊಂಡು, ಊರುಗೋಲಿನ ಮೇಲೆ ಗಲ್ಲ ಇಟ್ಟು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರಲ್ಲ, ಅವರು ನನ್ನ ಅಪ್ಪ, ಲಿಯು ಸಿಂಗ್‌ಫಾಟ್. ಹಳೆಯ ‘ಉಪ್ಪು ಓಣಿಯ ಹೆಣ್ಣು’ ಚಿತ್ರದಲ್ಲಿ ನಾಯಕಿಗೆ ಡ್ಯೂಪ್ ಆಗಿದ್ದವರು. ನಗಬೇಡಿ. ಆ ಕಾಲದಲ್ಲಿ ಬೀಳುವ ಹೆಂಗಸರು ಸಿಗುವುದು ಕಷ್ಟ, ಅಪ್ಪ ಕುಳ್ಳಗೆ ಸಣ್ಣಗಿದ್ದರು. ಚೌರಿ ಹಾಕಿ ಕೆಂಪು ಲಂಗ ಉಡಿಸಿದರೆ ಹಿಂದಿನಿಂದ ಥೇಟ್ ನಾಯಕಿಯೇ. ನಮ್ಮಮ್ಮ ಬೈಯುತ್ತಿದ್ದಳು: “ನಿನ್ನ ಸೊಂಟಕ್ಕಿಂತ ನನ್ನ ಸೊಂಟ ದಪ್ಪ ಅಂತ ಊರಿಗೆಲ್ಲ ತೋರಿಸೋಕೆ ಹೋಗ್ತೀಯಾ?”

ಹೊಡೆದಾಟದ ತಂಡಕ್ಕೆ ಆಗ ಲೂಕ್ ಮಾಸ್ಟರ್ ಯಜಮಾನರು. ಅವರ ಬಾಯಲ್ಲಿ ಇದ್ದದ್ದು ಎರಡೇ ಮಾತು. ಚೆನ್ನಾಗಿ ಬರದಿದ್ದರೆ “ಇನ್ನೊಂದು ಸಲ.” ಬಂದರೆ “ಮುಂದಿನದು.” ಭೇಷ್ ಇಲ್ಲ, ಶಹಬ್ಬಾಸ್ ಇಲ್ಲ. ತಂಡದವರೆಲ್ಲ ಕೇಳುವ ಹಾಗೆ ‘ಮುಂದಿನದು’ ಎಂದರೆ ಅದೇ ಹಾರ, ಅದೇ ಶಾಲು. ಇಲ್ಲಿ ಕೂತಿರುವ ಹಿರಿಯ ಅಣ್ಣಂದಿರು ತಲೆಯಾಡಿಸುತ್ತಿದ್ದೀರಿ. ಆ ಒಂದು ಮಾತಿಗಾಗಿ ನೀವೆಲ್ಲ ಎಷ್ಟು ಮೂಳೆ ಮುರಿದುಕೊಂಡಿಲ್ಲ?

ಡ್ಯೂಪ್ ಆದವನಿಗೆ ಒಂದೇ ನಿಯಮ: ಮುಖ ಕಾಣಬಾರದು. ಅಪ್ಪ ಚಹಾ ಅಂಗಡಿಯ ಉಪ್ಪರಿಗೆಯಿಂದ, ಅದರ ಅಂಚಿನ ಮರದ ಕಟಾಂಜನ ಮುರಿದುಕೊಂಡು, ಕೆಳಗಿನ ಬಟ್ಟೆಯ ಚಪ್ಪರ ಹರಿದುಕೊಂಡು, ಕಲ್ಲು ಹಾಸಿದ ಓಣಿಗೆ ಬೀಳಬೇಕಿತ್ತು. ಬಿದ್ದರು. ಆದರೆ ಚಪ್ಪರದ ಹಗ್ಗ ಚೌರಿಗೆ ಸಿಕ್ಕಿ ಕತ್ತು ತಿರುಗಿತು. ಕಣ್ಣು ಮಿಟುಕಿಸುವಷ್ಟು ಹೊತ್ತು ಅಪ್ಪನ ಮುಖ ಕ್ಯಾಮೆರಾಗೆ ಕಂಡಿತು. ಸೊಂಟದ ಮೂಳೆ ಮುರಿದಿತ್ತು, ಇನ್ನೊಂದು ಸಲ ಎನ್ನುವ ಹಾಗಿರಲಿಲ್ಲ. ಮುಖ ಕಂಡಿತ್ತು, ಮುಂದಿನದು ಎನ್ನುವ ಹಾಗೂ ಇರಲಿಲ್ಲ. ಲೂಕ್ ಮಾಸ್ಟರ್ ಅಪ್ಪನನ್ನು ನೋಡಿದರು, ಏನೂ ಹೇಳದೆ ತಿರುಗಿ ಹೋದರು. ಆಮೇಲೆ ಆಸ್ಪತ್ರೆಗೆ ಬಂದರು, ಕಿತ್ತಳೆ ಸುಲಿದು ಕೊಟ್ಟರು, ಆದರೆ ‘ಮುಂದಿನದು’ ಎಂಬ ಆ ಮಾತು ಮಾತ್ರ ಆಡಲಿಲ್ಲ. ಆಡದೆಯೇ ತೀರಿಹೋದರು.

ಚಿತ್ರ ಬಂದಾಗ ನಾವೆಲ್ಲ ಯುನ್ ಲಾಂಗ್ ಪೇಟೆಯ ಟಾಕೀಸಿಗೆ ಹೋದೆವು. ನಾನಾಗ ಇದೇ ಶಾಲೆಯಲ್ಲಿ ಎರಡನೇ ತರಗತಿ. ನಾಯಕಿ ಉಪ್ಪರಿಗೆಯಿಂದ ಬಿದ್ದಳು, ಜನ ಉಸಿರು ಹಿಡಿದರು, ಕತ್ತರಿಸದೆ ಉಳಿಸಿದ್ದ ಅಪ್ಪನ ಮುಖ ಕಂಡಿತು, ಅಷ್ಟರಲ್ಲಿ ಅಮ್ಮ ಎದ್ದು ನಿಂತು “ಅಯ್ಯೋ, ನಮ್ಮನೆಯೋರು!” ಎಂದು ಕೂಗಿಬಿಟ್ಟಳು. ಇಡೀ ಟಾಕೀಸು ನಕ್ಕಿತು. ಅಪ್ಪ ಬಗಲುಗೋಲು ಊರಿಕೊಂಡು ಹೊರಗೆ ಹೋದವರು ಮತ್ತೆ ನಲವತ್ತು ವರ್ಷ ಟಾಕೀಸಿನ ಮೆಟ್ಟಿಲು ಹತ್ತಲಿಲ್ಲ.

ಇಷ್ಟಾದ ಮೇಲೆ ನನ್ನ ಮಗಳು ವಿಂಗ್‌ಲಾಮ್ ಯಾವ ಕೆಲಸ ಹಿಡಿಯಬೇಕು ಹೇಳಿ? ಬೀಳುವ ಕೆಲಸವನ್ನೇ ಹಿಡಿದಳು. ಹೊಸ ಚಿತ್ರದ ನಾಯಕಿಗೆ ಅವಳೇ ಡ್ಯೂಪ್. ಸುದ್ದಿ ಕೇಳಿದ ದಿನ ಅಪ್ಪ ಊಟದ ಬಟ್ಟಲು ಕುಕ್ಕಿದರು.

“ರೀಮೇಕ್ ಅಂದ್ರೇನೇ? ನಿನ್ನೆ ಅನ್ನಾನ ಇವತ್ತು ಬಿಸಿ ಮಾಡೋದು!”

“ತಾತಾ, ಒಗ್ಗರಣೆ ಹಾಕಿ ಹುರಿಯೋಕೆ ನಿನ್ನೆ ಅನ್ನಾನೇ ಬೇಕು. ಬಿಸಿ ಅನ್ನ ಹಾಕಿದ್ರೆ ಮುದ್ದೆ ಆಗುತ್ತೆ.”

“ಸರಿ, ಹುರೀರಿ, ಹುರೀರಿ. ನಾನಂತೂ ತಿನ್ನೋಕೆ ಬರಲ್ಲ.”

ಚಿತ್ರೀಕರಣದ ಮೊದಲ ದಿನ ಹಂದಿ ಹುರಿದು, ಕ್ಯಾಮೆರಾಗೆ ಕೆಂಪು ಬಟ್ಟೆ ಹೊದಿಸಿ, ಪೂಜೆಗೆ ನನ್ನನ್ನೇ ಕರೆದರು. ಆ ಬಟ್ಟೆ ತೆಗೆಯುವಾಗ ದೇವರ ಹತ್ತಿರ ನಾನು ಕೇಳಿದ್ದು ಚಿತ್ರ ಓಡಲಿ ಎಂದಲ್ಲ. ಕ್ಷಮಿಸಿ ಯಿಪ್ ಅವರೇ. ಅವಳು ಬೀಳುವ ದಿನ ನಾನು ಗುಡಿಯಿಂದ ಹೊರಗೆ ಬರಲಿಲ್ಲ. ಒರೆಸಿದ ದೇವರ ಗಡ್ಡವನ್ನೇ ಮತ್ತೆ ಮತ್ತೆ ಒರೆಸುತ್ತಾ ಕೂತಿದ್ದೆ. ಸಂಜೆಯ ಹೊತ್ತಿಗೆ ಫೋನ್ ಬಂತು. “ಅಮ್ಮಾ, ಎದ್ದು ನಿಂತಿದ್ದೀನಿ.” ಅಷ್ಟೇ ಅಂದಳು. ನನಗೂ ಅಷ್ಟೇ ಬೇಕಿತ್ತು.

ಚಿತ್ರ ಬಿಡುಗಡೆಯಾಯಿತು. ಅಪ್ಪ ಬರುವುದಿಲ್ಲ ಎಂದು ಹಟ ಹಿಡಿದರು. ನಮ್ಮಲ್ಲಿ ಸಂದೇಹ ಬಂದರೆ ದೇವರ ಮುಂದೆ ಎರಡು ಮರದ ತುಂಡು ಬೀಳಿಸಿ ಕೇಳುವುದುಂಟಲ್ಲ, ಹಾಗೇ ಕೇಳಿದೆ. ಒಂದು ಕವುಚಿ ಒಂದು ಅಂಗಾತ ಬಿದ್ದರೆ ಹೌದು. ಎರಡೂ ಅಂಗಾತ ಬಿದ್ದವು. ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ, ದೇವರು ನಗುತ್ತಿದ್ದಾನೆ. ಅಪ್ಪನಿಗೆ ತೋರಿಸಿದೆ. ಆ ತುಂಡುಗಳನ್ನು ನೋಡಿ, “ಟಾಕೀಸಿನಲ್ಲಿ ಜನ ನಕ್ಕಾಗಿದೆ, ಈಗ ಇವನೂ ನಗ್ತಾನೆ. ನಡಿ, ಅದೇನು ಅಂತ ನೋಡೇ ಬಿಡೋಣ” ಎಂದು ಟೋಪಿ ಹಾಕಿಕೊಂಡರು.

ಟಾಕೀಸಿನಲ್ಲಿ ಅಪ್ಪ ನನ್ನ ಪಕ್ಕ, ಮಗಳು ಹಿಂದಿನ ಸಾಲಿನಲ್ಲಿ. ಉಪ್ಪರಿಗೆ ಬಂತು. ಕಟಾಂಜನ ಮುರಿಯಿತು. ಅಪ್ಪ ನನ್ನ ಮಣಿಕಟ್ಟು ಹಿಡಿದರು. ಚಪ್ಪರ ಹರಿಯಿತು. ಆಗ ಅವಳು ಮುಖ ತಿರುಗಿಸಿದಳು. ಹಗ್ಗ ಎಳೆಯಲಿಲ್ಲ, ಚೌರಿ ಸಿಕ್ಕಲಿಲ್ಲ, ಅವಳಾಗಿ ತಿರುಗಿಸಿದಳು. ಅಪ್ಪನ ಮುಖ ಎಲ್ಲಿ ಕಂಡಿತ್ತೋ ಅಲ್ಲೇ ಮೊಮ್ಮಗಳ ಮುಖ, ಪರದೆಯ ತುಂಬ, ಕಣ್ಣು ತೆರೆದುಕೊಂಡೇ ಕಲ್ಲಿನ ಮೇಲೆ ಬಿದ್ದಿತು. ಚಿತ್ರ ಮುಗಿದ ಮೇಲೆ ‘ಉಪ್ಪು ಓಣಿಯಲ್ಲಿ ಬಿದ್ದವರು’ ಎಂದು ಎರಡು ಹೆಸರು ಬಂದವು: ಲಿಯು ಸಿಂಗ್‌ಫಾಟ್, ಅದರ ಕೆಳಗೆ ಅವರ ಮೊಮ್ಮಗಳು ವಿಂಗ್‌ಲಾಮ್.

ನಾಯಕಿಯ ಮುಖವನ್ನು ಕಂಪ್ಯೂಟರಿನಲ್ಲಿ ಅಂಟಿಸುವುದು ಅರ್ಧ ದಿನದ ಕೆಲಸವಂತೆ. ಯಿಪ್ ಅವರು ಆ ಕೆಲಸ ಮಾಡಲಿಲ್ಲ. ಮಗಳು ಕೇಳಿಕೊಂಡಳು, ನಾಯಕಿ ದೊಡ್ಡ ಮನಸ್ಸಿನಿಂದ “ಬಿದ್ದೋಳ ಮುಖಾನೇ ಇರಲಿ ಬಿಡಿ” ಎಂದರಂತೆ. ಯಿಪ್ ಅವರೇ, ಆ ಬಲಗೈ ಊದಿನಕಡ್ಡಿಯ ತಪ್ಪನ್ನು ನಾನು ದೇವರ ಹತ್ತಿರ ಹೇಳಿ ಮಾಫಿ ಮಾಡಿಸಿದ್ದೇನೆ.

ಈಗ ಉತ್ತರ ಕೊಡುತ್ತೇನೆ. ಹೊಡೆದಾಟದಲ್ಲಿ ಹಳೆಯದೇ ಮೇಲು. ಮಾತಿನಲ್ಲಿ ಹೊಸದು ಮೇಲು. ಬೀಳುವುದರಲ್ಲಿ? ಅದನ್ನು ಹೇಳುವ ಅಧಿಕಾರ ನನ್ನದಲ್ಲ. ಅವಳು ನೆಲ ಮುಟ್ಟಿದ ಕ್ಷಣದಲ್ಲಿ ಅಪ್ಪನ ತುಟಿ ಆಡಿತು. ಪಕ್ಕದಲ್ಲಿದ್ದ ನನಗೆ ಕೇಳಿಸಿತು, ಹಿಂದೆ ಕೂತ ಮಗಳಿಗೆ ಕೇಳಿಸಲಿಲ್ಲ. ಅವತ್ತಿನಿಂದ ಅವಳು ನನ್ನನ್ನು ಪೀಡಿಸುತ್ತಿದ್ದಾಳೆ. “ತಾತ ಏನಂದ್ರಮ್ಮ? ಇನ್ನೊಂದು ಸಲ ಅಂದ್ರಾ? ಹೇಳಮ್ಮ, ತಡಕೋತೀನಿ.” ಅವಳಿಗೇ ಹೇಳಿಬಿಡಿ ಎಂದು ಅಪ್ಪನನ್ನು ಬೇಡಿಕೊಂಡೆ. “ಅಡುಗೆಮನೇಲಿ ಹೇಳೋ ಮಾತಾ ಅದು? ತಂಡದ ಮುಂದೆ ಹೇಳ್ಬೇಕು. ಮಾಸ್ಟರ್ ಯಾವತ್ತಾದ್ರೂ ಗುಟ್ಟಾಗಿ ಹೇಳಿದ್ರಾ?” ಎಂದು ನನ್ನ ಬಾಯಿ ಮುಚ್ಚಿಸಿದರು. ಆ ಮಾತು ಸಿಗದೆ ನಲವತ್ತು ವರ್ಷ ಬದುಕಿದವರು ಅವರು. ಅದರ ಬೆಲೆ ಅವರಿಗಿಂತ ಯಾರಿಗೆ ಗೊತ್ತು?

ಅದಕ್ಕೇ ಈ ಸಭೆಗೆ ನಾನು ಒಪ್ಪಿದ್ದು. ತಂಡವನ್ನು ಒಂದೆಡೆ ಸೇರಿಸಿದ ಸಂಘದವರಿಗೆ, ಜಾಗ ಕೊಟ್ಟ ಅಧ್ಯಕ್ಷರಿಗೆ, ನನ್ನ ಅಪ್ಪನ ಹೆಸರನ್ನು ಬೆಳಕಿಗೆ ತಂದ ಯಿಪ್ ಅವರಿಗೆ, ಹಂದಿ ಹುರಿದು, ಎಲ್ಲರೂ ಒಟ್ಟಿಗೆ ಕೂತು ತಿನ್ನುವ ದೊಡ್ಡ ಬೋಗುಣಿಯೂಟ ಜೋಡಿಸಿಟ್ಟ ಹೆಂಗಸರಿಗೆ, ಬಿದ್ದವರನ್ನೆಲ್ಲ ಎಬ್ಬಿಸಿ ನಿಲ್ಲಿಸಿದ ಕ್ವಾನ್ ದೇವರಿಗೆ ನಾನು ಋಣಿ. ವಿಂಗ್‌ಲಾಮ್, ಬಾಗಿಲ ಹತ್ತಿರ ಅವಿತು ನಿಲ್ಲಬೇಡ, ಮುಂದೆ ಬಾ. ಲೂಕ್ ಮಾಸ್ಟರ್ ಅವರ ಶಿಷ್ಯರೆಲ್ಲ ದಯವಿಟ್ಟು ಎದ್ದು ನಿಲ್ಲಿ.

ಎಲ್ಲರಿಗೂ ನನ್ನ ನಮಸ್ಕಾರ. ಅಪ್ಪಾ, ಮೈಕ್ ಬೇಡ, ನಿಮ್ಮ ದನಿಯೇ ಸಾಕು. ಏಳಿ. ತಂಡ ಕಾಯುತ್ತಿದೆ.