ಕೊನೆಯವರು ಯಾರು?

ಬಾವಿ ದಾಟಿ ಸ್ವಲ್ಪ ಮುಂದೆ ಬಂದಿದ್ದನಂತೆ, ಅಷ್ಟೇ... ಹಿಂದಿನಿಂದ ಯಾರೋ ಕೇಳಿದ್ರು.

ತಾಳಿ. ಮೊದಲು ಅವನು ಯಾರು ಅಂತ ಹೇಳ್ತೀನಿ, ಇಲ್ದಿದ್ರೆ ತಲೆಬುಡ ಗೊತ್ತಾಗಲ್ಲ. ಫೆರ್ಮಿನ್ ನನ್ನ ದೊಡ್ಡಮ್ಮನ ಮಗ. ಸೋರಿಯಾದವನು. ಅದು ಚಳಿ ಸೀಮೆ, ಅಲ್ಲಿಯವರು ಮಾತಿಗೂ ಸ್ವೆಟರ್ ಹಾಕಿರ್ತಾರೆ. ಈ ಬೇಸಿಗೆಗೆ ಗಂಡ ಹೆಂಡತಿ ಇಬ್ಬರೂ ಸಮುದ್ರ ನೋಡೋಕೆ ಕಾದಿಸ್‌ಗೆ, ನಮ್ಮನೆಗೆ ಬರೋದು ಅಂತ ಇತ್ತು. ಮಾರ್ಚಲ್ಲಿ ಹೆಂಡತಿ ಒಬ್ದುಲಿಯಾ ತೀರಿಕೊಂಡ್ಲು. ಇವನು ಒಬ್ಬನೇ ಬಂದ. ಯಾಕಣ್ಣ ಬಂದೆ ಅಂದ್ರೆ, "ಹೋಗೋದು ಅಂತ ಆಗಿತ್ತಲ್ಲ" ಅಂದ.

ಪ್ರವಾಸಿಗಳು ಏನೇನು ಮಾಡ್ತಾರೋ ಎಲ್ಲಾ ಮಾಡ್ದ. ಗೋಪುರ ಹತ್ತಿದ, ಕೋಟೆ ಸುತ್ತಿದ, ಮೂಗು ಸುಟ್ಕೊಂಡ. ಕರಿದ ಮೀನು ಪೊಟ್ಟಣ ಕಟ್ಟಿಸಿ ತಂದುಕೊಟ್ಟೆ.

"ಹೇಗಿದೆಯಣ್ಣ?"

"ಚೆನ್ನಾಗಿದೆ."

ಕೋಟೆ? ಚೆನ್ನಾಗಿದೆ. ಬೇಕಂತಲೇ ಒಂದಿನ ಉಪ್ಪಿಲ್ಲದ ಸಾರು ಬಡಿಸ್ದೆ. ಅದೂ ಚೆನ್ನಾಗಿತ್ತಂತೆ. ಅಳು ಇಲ್ಲ, ನಗು ಇಲ್ಲ, ಮರಗಟ್ಟಿ ಹೋಗಿದ್ದ. ಅವರಪ್ಪನೂ ಹೀಗೇ ಇದ್ದು, ದೊಡ್ಡಮ್ಮ ತೀರಿಕೊಂಡ ವರ್ಷಾನೇ ತಾವೂ ಹೋದ್ರು. ಇವನೂ ಹೆಂಡತಿ ಹಿಂದೆ ಹೊರಟುಬಿಡ್ತಾನೆ ಅಂತ ನನಗೆ ಒಳಗೊಳಗೇ ಭಯ.

ಇನ್ನೊಂದು ಗೊತ್ತಿರ್ಲಿ. ಮೀನಂಗಡಿ ಆಗ್ಲಿ, ಡಾಕ್ಟರ ಹತ್ರ ಆಗ್ಲಿ, ನಾವು ಸಾಲು ಕಟ್ಟಿ ನಿಲ್ಲೋ ಜನ ಅಲ್ಲ. ಒಳಗೆ ಬಂದವರು "ಕೊನೆಯವರು ಯಾರು?" ಅಂತಾರೆ. ಕೊನೆಗೆ ಬಂದಿದ್ದವರು "ನಾನು" ಅಂತಾರೆ. ಮುಗೀತು, ಅವರಾದ ಮೇಲೆ ಇವರ ಸರದಿ. ಮಧ್ಯೆ ಎದ್ದು ಹೋಗೋದಾದ್ರೆ ನನ್ನ ಮುಂದೆ ಇರೋದು ಇಂಥವರು, ಇನ್ಮೇಲೆ ನೀವು ಅವರ ಹಿಂದೆ ಅಂತ ಹಿಂದಿನವರಿಗೆ ಹೇಳಿ ಹೋಗ್ಬೇಕು. ಹೊರದೇಶದ ಪ್ರವಾಸಿಗಳಿಗೆ ಇದು ತಿಳಿಯಲ್ಲ, ನೇರ ಹೋಗಿ ಮುಂದೆ ನಿಲ್ತಾರೆ, ಬೈಸ್ಕೋತಾರೆ. ನಮಗೆ ಹಾಗಲ್ಲ. ಉತ್ತರ ನಾಲಿಗೆ ತುದೀಲೇ ಇರುತ್ತೆ.

ಆ ರಾತ್ರಿ ಸಮುದ್ರದ ದಂಡೆ ಮೇಲೆ ಒಬ್ಬನೇ ಕೂತಿದ್ದು ತಡವಾಗಿ ಬರ್ತಿದ್ದ. ನಮ್ಮ ಓಣಿ ಶುರುವಾಗೋ ಕಡೆ ಹಳೇ ಬಾವಿ, ಮೇಲೆ ಕಬ್ಬಿಣದ ಮುಚ್ಚಳ. ಗಾಳಿಗೆ ಅದು ಟಣ್... ಟಣ್... ಅಂತಿತ್ತಂತೆ. ದಾಟಿದ. ಗಾಳಿ ಇದ್ದ ಹಾಗೇ ಇದೆ, ಟಣ್ ಅನ್ನೋದು ನಿಂತುಹೋಯ್ತು. ಹಿಂದೆ ಒಂದು ಮುದಿ ಹೆಂಗಸಿನ ದನಿ, ಮೆಲ್ಲಗೆ...

"ಕೊನೆಯವರು ಯಾರು?"

"ನಾನು" ಅಂದ್ಬಿಟ್ಟ. ತಿರುಗಿ ಕೂಡ ನೋಡ್ಲಿಲ್ಲ.

"ಸರಿ. ನಿನ್ನ ಹಿಂದೆ ನಾನು."

ಆಮೇಲೆ ತಿರುಗಿದ. ಓಣಿ ಖಾಲಿ. ಹೆಜ್ಜೆ ಇಟ್ಟ. ಹಿಂದೆ ಚಪ್ಪಲಿ ಎಳೆದು ನಡೆಯೋ ಸದ್ದು... ಚರ್... ಚರ್... ನಿಂತ. ಅದೂ ನಿಂತಿತು. ಬೇರೆ ಯಾರಾದ್ರೂ ಆಗಿದ್ರೆ ಎದ್ದೆನೋ ಬಿದ್ದೆನೋ ಅಂತ ಓಡ್ತಿದ್ರು. ಇವನು ನಿಧಾನಕ್ಕೆ ನಡ್ಕೊಂಡು ಬಂದ. ಅದು ಯಾವುದರ ಸರದಿ ಅಂತ ಅವನಿಗೆ ಗೊತ್ತಾಗಿತ್ತು. ಆದ್ರೂ ಹೆದರಿಕೆ ಆಗ್ಲಿಲ್ಲವಂತೆ.

ನಾನು ಎದ್ದೇ ಇದ್ದೆ. ಮೆಟ್ಟಿಲ ಮೇಲೆ ಅವನ ಬೂಟು, ಅದರ ಹಿಂದೆ ಚರ್... ಚರ್... ಈ ಎರಡು ಕಿವಿಯಾರೆ ಕೇಳಿದ್ದೀನಿ. ಬಾಗಿಲು ತೆಗೆದೆ. ಅವನೊಬ್ಬನೇ ಒಳಗೆ ಬಂದ.

"ಯಾರಣ್ಣ ಜೊತೇಲಿ?" ಪಿಸುಗುಟ್ಟಿದೆ.

"ನನ್ನ ಹಿಂದಿನವರು."

ನಡೆದಿದ್ದೆಲ್ಲಾ ಹೇಳ್ದ, ರೈಲು ಎಷ್ಟು ಹೊತ್ತಿಗೆ ಅಂತ ಹೇಳೋ ಹಾಗೆ.

"ಅಲ್ಲಾ ಪೆದ್ದಣ್ಣ, ಕತ್ತಲಲ್ಲಿ ಕಾಣದವರು ಕೇಳಿದ್ರೆ ಯಾರಾದ್ರೂ ಉತ್ತರ ಕೊಡ್ತಾರಾ? ಸರದಿ ಬಿಡ್ತೀನಿ ಅಂತ ಹೇಳು. ಈಗಲೇ ಹೇಳು."

"ಯಾಕೆ ಬಿಡ್ಬೇಕು?"

ಜಗಳಕ್ಕಲ್ಲ, ನಿಜವಾಗ್ಲೂ ಗೊತ್ತಿಲ್ಲದೆ ಕೇಳಿದ. ನನಗೆ ಸಿಟ್ಟೂ ಬಂತು, ಅಳೂ ಬಂತು.

"ನಿನ್ನ ಹೆಣ ಹೊತ್ಕೊಂಡು ಸೋರಿಯಾ ತನಕ ಹೋಗೋಕೆ ನನ್ನ ಕೈಲಾಗಲ್ಲ, ಅದಕ್ಕೆ. ಇರೋನು ಒಬ್ಬ ಅಣ್ಣ. ಹೇಳೋ ಮಾರಾಯ."

ನನ್ನ ಮುಖ ನೋಡ್ದ. ಆಮೇಲೆ ಬಾಗಿಲ ಕಡೆ ತಿರುಗಿದ.

"ನಾನು ಹೊರಟೆ. ನನ್ನ ಮುಂದೆ ಇರೋದು ಒಬ್ದುಲಿಯಾ. ಇನ್ಮೇಲೆ ನೀವು ಅವಳ ಹಿಂದೆ."

ಹೊರಗೆ ಉಸಿರಾಡೋ ಸದ್ದು. ಗೊರ್... ಗೊರ್...

"ಹಸಿರು ಕೋಟಿನವಳಾ?"

ಫೆರ್ಮಿನ್ ಮುಖ ಬಿಳುಚಿಕೊಳ್ತು. "ಹೂಂ" ಅಂದ.

"ನಿನಗೆ ಅಂತ ಜಾಗ ಹಿಡ್ಕೊಂಡು ಕೂತಿದಾಳಪ್ಪ, ಪಾಪ. ಬರಲ್ಲ ಅಂತ ಹೇಳ್ಲಾ?"

ಅವನು ಬಾಗಿಲ ಚೌಕಟ್ಟು ಹಿಡ್ಕೊಂಡ. ಎಲ್ಲಿ ಬರ್ತೀನಿ ಅಂದುಬಿಡ್ತಾನೋ ಅಂತ ನಾನು ಅವನ ಅಂಗಿ ಹಿಡ್ಕೊಂಡಿದ್ದೆ.

"ಈಗಲೇ ಬರಲ್ಲ... ಅಂತ ಹೇಳಿ."

ಚರ್... ಚರ್... ಚರ್... ಕೆಳಗೆ ಇಳಿದು ಹೋಯ್ತು. ಫೆರ್ಮಿನ್ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತ. ಮಾರ್ಚಿಂದ ಅಳದೇ ಇದ್ದಿದ್ದನ್ನೆಲ್ಲಾ ಅತ್ತ. ಆ ಕೋಟು ಅವನೇ ತೊಡಿಸಿದ್ದಂತೆ, ಪೆಟ್ಟಿಗೆ ಮುಚ್ಚೋಕೆ ಮುಂಚೆ, ಬೇರೆ ಯಾರೂ ನೋಡಿರ್ಲಿಲ್ಲ. "ಮಣ್ಣೊಳಗೆ ಚಳಿ ಆಗುತ್ತಲ್ಲ" ಅಂದ. ನಾನೂ ಪಕ್ಕದಲ್ಲಿ ಕೂತು ಅತ್ತೆ.

ನಗೋರು ನಗಿ, ನನಗೇನು. ನಾನು ಕೇಳಿಸ್ಕೊಂಡಿದ್ದು ಒಂದೇ ಜೊತೆ ಚಪ್ಪಲಿ ಸದ್ದು. ಬೆಳಿಗ್ಗೆ ಕೆಳಗಿನ ಮನೇಲಿರೋ ಪುರಾ ಅನ್ನೋ ಹೆಂಗಸು ಜಗಳಕ್ಕೇ ಅಂತ ಮೇಲೆ ಬಂದ್ಲು. ಅವಳಿಗೆ ನಾನು ಏನಂದ್ರೆ ಏನೂ ಹೇಳಿರ್ಲಿಲ್ಲ.

"ಏನ್ರೀ ಇದು? ರಾತ್ರಿ ಅಷ್ಟು ಹೊತ್ತಲ್ಲಿ ಇಬ್ಬರು ಹೆಂಗಸರು ಮೆಟ್ಟಿಲಿಳೀತಾ ವಟವಟ ಅಂತಿದ್ರಲ್ಲ, ನಿಮ್ಮನೆ ನೆಂಟರಾ? ಅದರಲ್ಲಿ ಒಬ್ಬಳಂತೂ ಸಮುದ್ರ ಯಾವ ಕಡೆ, ಸಮುದ್ರ ಯಾವ ಕಡೆ ಅಂತ ಕೆಳಗೆ ಹೋಗೋ ತನಕ ಕೇಳ್ತಾನೇ ಇದ್ಲು."

ಪುರಾ ಇನ್ನೂ ಅದೇ ಮನೇಲಿದಾಳೆ. ಬೇಕಾದ್ರೆ ಹೋಗಿ ಕೇಳಿ.