ಸೊಂಟದ ಮೇಲೆ ಪತ್ತೆಯಾದ ಎರಡು ಗುಳಿಗಳು

ಹೆಸರು: ದಕ್ಷಿಣಾಮೂರ್ತಿ. ವಯಸ್ಸು: 53. ಉದ್ಯೋಗ: ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್. ವಾಸ: ಸರ್ಕಾರಿ ಕ್ವಾರ್ಟರ್ಸ್, ಸರೋಜಿನಿ ನಗರ, ನವದೆಹಲಿ. ಹೇಳಿಕೆ ಬರೆದುಕೊಂಡವರು: ಕನ್ನಡ ಬಲ್ಲ ಹೆಡ್ ಕಾನ್‌ಸ್ಟೇಬಲ್ ಮಹಂತೇಶ್.

ಖುದ್ದಾಗಿ ಹಾಜರಾಗಿ ಪೊಲೀಸ್ ಇಲಾಖೆಯ ಗಮನಕ್ಕೆ ತರುವುದೇನೆಂದರೆ, ಐವತ್ಮೂರು ವರ್ಷ ನಿಷ್ಕಳಂಕವಾಗಿದ್ದ ನನ್ನ ಬೆನ್ನಿನ ಮೇಲೆ ಎರಡು ಗುಳಿಗಳು ಪತ್ತೆಯಾಗಿವೆ.

ಇಂದು ಬೆಳಿಗ್ಗೆ 11.40ಕ್ಕೆ ದೀಪಾವಳಿಗೆಂದು ಕುರ್ತಾ ಕೊಳ್ಳಲು ಮಾರ್ಕೆಟ್ಟಿನ ಅಂಗಡಿಯೊಂದಕ್ಕೆ ಹೋದೆನು. ಟ್ರಯಲ್ ರೂಮಿನಲ್ಲಿ ಮುಂದೊಂದು, ಹಿಂದೊಂದು ಕನ್ನಡಿ. 11.52ಕ್ಕೆ ಅಂಗಿ ಬಿಚ್ಚಿದಾಗ, ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಬೆನ್ನನ್ನು ಕಂಡೆನು. ಸೊಂಟದ ಮೇಲೆ, ಬೆನ್ನುಮೂಳೆಯ ಎಡಬಲಕ್ಕೆ ಒಂದೊಂದು ಗುಳಿ. ನಡುವಿನ ಅಂತರ ಐದು ಬೆರಳು. ಆಳ, ಕಡಲೆಬೀಜ ಕೂರುವಷ್ಟು.

ಕಳೆದ ತಿಂಗಳು ಘಾಜಿಯಾಬಾದಿನ ನರ್ಸಿಂಗ್ ಹೋಮೊಂದರಲ್ಲಿ ಹರ್ನಿಯಾ ಆಪರೇಷನ್ನಿಗೆಂದು ನನ್ನನ್ನು ಎರಡು ಗಂಟೆ ಪ್ರಜ್ಞೆ ತಪ್ಪಿಸಿ ಮಲಗಿಸಿದ್ದರು. ಕಿಡ್ನಿ ಎರಡು, ಗುಳಿಯೂ ಎರಡು. ಎರಡೂ ಕಿಡ್ನಿ ಕದ್ದಿದ್ದಾರೆಂದು ನನಗೆ ಖಾತ್ರಿಯಾಯಿತು. ಕೈಗೆ ಸಿಕ್ಕ ಕುರ್ತಾ ತೊಟ್ಟು, ಅಂಗಡಿಯವನು ಅಂಕಲ್‌ಜೀ, ಅಂಕಲ್‌ಜೀ ಎಂದು ಕೂಗುತ್ತಿದ್ದರೂ ನಿಲ್ಲದೆ, 700 ಮೀಟರ್ ದೂರದ ಠಾಣೆಗೆ 12.01ಕ್ಕೆ ತಲುಪಿದೆನು.

ಇಲ್ಲಿಯವರೆಗೆ ಬರೆದುಕೊಂಡ ಮಹಂತೇಶ್ ಅವರು ಪೆನ್ನು ಕೆಳಗಿಟ್ಟು, ಎರಡೂ ಹೋಗಿದ್ದರೆ ಬಂದಾಗಿನಿಂದ ಎರಡು ಸಲ ನಮ್ಮ ಬಾತ್‌ರೂಮಿಗೆ ಹೇಗೆ ಹೋಗಿಬಂದಿರಿ ಸರ್ ಎಂದು ಕೇಳಿದರು. ಹಾಗಾದರೆ ಒಂದಾದರೂ ಹೋಗಿರಬೇಕು ಎಂದು ನಾನು ಪಟ್ಟುಹಿಡಿದೆನು.

12.35ಕ್ಕೆ ನನ್ನ ಹೆಂಡತಿ ಶಾರದಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಲಾಯಿತು. ಅಯ್ಯೋ ರಾಮ, ಅದಕ್ಕೆ ಠಾಣೆಗೆ ಹೋದಿರಾ, ಅವು ಹುಟ್ಟಿದಾಗಿನಿಂದ ಇವೆ, ಮದುವೆಯಾದ ವರ್ಷ ನಿಮ್ಮಮ್ಮನೇ ತೋರಿಸಿದ್ದರು ಎಂದಳು. ಪ್ರತಿ ದೀಪಾವಳಿಯ ಎಣ್ಣೆಸ್ನಾನದಲ್ಲಿ ಮೊದಲು ಆ ಎರಡು ಗುಳಿಗೆ ಎಣ್ಣೆ ತುಂಬಿಸಿ, ಅಲ್ಲಿಂದಲೇ ಅದ್ದಿಕೊಂಡು ಬೆನ್ನಿಗೆಲ್ಲ ಹಚ್ಚುವುದಾಗಿಯೂ, ಸಲಸಲಕ್ಕೂ ಬಟ್ಟಲಿಗೆ ಕೈ ಚಾಚುವುದು ತಪ್ಪುವುದಾಗಿಯೂ ತಿಳಿಸಿದಳು.

ಇಪ್ಪತ್ತಾರು ವರ್ಷ ನಾನು ಅದನ್ನು ಶಾಸ್ತ್ರವೆಂದೇ ನಂಬಿ, ಬಗ್ಗಿ ಕೈಮುಗಿದು ಕೂರುತ್ತಿದ್ದೆನು.

ಫೋನ್ ಇಟ್ಟ ಮೇಲೆ ಮಹಂತೇಶ್ ಅವರು ಗೋಡೆಯ ಕಡೆ ತಿರುಗಿ ತಮ್ಮ ಸೊಂಟವನ್ನೂ ಒಮ್ಮೆ ಮುಟ್ಟಿ ನೋಡಿಕೊಂಡರು.

ದೂರನ್ನು ಹಿಂಪಡೆದಿದ್ದೇನೆ. ಬರೆದದ್ದನ್ನು ಓದಿಸಿ ಕೇಳಿದೆನು, ಒಂದಕ್ಷರವೂ ಸುಳ್ಳಲ್ಲ.

ಸ್ಥಳ: ನವದೆಹಲಿ
ದಿನಾಂಕ: 12-10-2025
ಸಹಿ: ದಕ್ಷಿಣಾಮೂರ್ತಿ

ವಿ.ಸೂ.: ಈ ಕುರ್ತಾದ ಬಿಲ್ ಆಗಿಲ್ಲ, ಬೆಲೆಚೀಟಿ ಕತ್ತಿನಲ್ಲೇ ಇದೆ. ನನ್ನ ಅಂಗಿ ಟ್ರಯಲ್ ರೂಮಿನ ಮೊಳೆಯ ಮೇಲಿದೆ. ಒಬ್ಬನೇ ಹೋಗಲು ಮುಖವಿಲ್ಲ. ದಯವಿಟ್ಟು ಯಾರಾದರೊಬ್ಬರು ಅಂಗಡಿಯವರೆಗೆ ಜೊತೆಗೆ ಬನ್ನಿ. ಯೂನಿಫಾರಂ ಬೇಡ.