ಹರಿದ ಕೌದಿಗೆ ಹಾಕಿದ ತೇಪೆ

ಹತ್ತಿ ಬೆಳೆಯುವ ಸೀಮೆಯ ಒಂದೂರಲ್ಲಿ ಅರಳೆಯ ವ್ಯಾಪಾರ ಮಾಡುವ ಒಬ್ಬ ಸಾಹುಕಾರ ಇದ್ದ. ಅವನ ಕಥೆ ಇರಲಿ ಬಿಡಿ, ಸಾಹುಕಾರರ ಕಥೆ ನಿಮಗೆಲ್ಲ ಗೊತ್ತೇ ಇದೆ. ಇವತ್ತು ಕೇಳಬೇಕಾದದ್ದು ಅವನ ಎರಡನೆಯ ಹೆಂಡತಿ ದಾನಮ್ಮನ ಕಥೆ.

ಮೊದಲ ಹೆಂಡತಿ ಜ್ವರ ಬಂದು ತೀರಿಕೊಂಡಿದ್ದಳು. ಅವಳ ಮಗಳು ಕಸ್ತೂರಿಗೆ ಆಗ ಎಂಟು ವರ್ಷ. ದಾನಮ್ಮ ಆ ಮನೆಗೆ ಬಂದ ದಿನದಿಂದ ಹುಡುಗಿ ಅವಳನ್ನು ಅವ್ವ ಎನ್ನಲಿಲ್ಲ, ಚಿಗವ್ವ ಎನ್ನಲಿಲ್ಲ. ಏನಾದರೂ ಬೇಕಾದರೆ, "ರೀ, ನೀರು ಕೊಡ್ರಿ" ಎನ್ನುತ್ತಿದ್ದಳು. ನೋಡಿ, ಒಂದೇ ಮನೆ, ಒಂದೇ ಒಲೆಯ ರೊಟ್ಟಿ. ಆದರೂ ಬೇರೆ ಊರಿನಿಂದ ಬಂದ ನೆಂಟರೊಡನೆ ಮಾತಾಡಿದ ಹಾಗೆ "ರೀ"!

ದಾನಮ್ಮ ಕೆಟ್ಟವಳಲ್ಲ. ಪೇಟೆಗೆ ಹೋದಾಗಲೆಲ್ಲ ಮಗುವಿಗೆ ಏನಾದರೂ ತಂದಳು. ಜರಿಯ ಲಂಗ ತಂದಳು, ಕಣ್ಣು ಮುಚ್ಚಿ ತೆರೆಯುವ ಗೊಂಬೆ ತಂದಳು, ಚಳಿಗಾಲ ಬಂದಾಗ ಬೆಣ್ಣೆಯಂಥ ರಗ್ಗು ತಂದಳು. ಕಸ್ತೂರಿ ಎಲ್ಲವನ್ನೂ ಇಸಿದುಕೊಂಡಳು, ಕಪಾಟಿನಲ್ಲಿಟ್ಟಳು, ಬಾಗಿಲು ಹಾಕಿದಳು. ಅವಳು ಹೊದೆಯುತ್ತಿದ್ದದ್ದು ಹಡೆದ ತಾಯಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೈಯಿಂದ ಹೊಲಿದಿದ್ದ ಕೌದಿಯನ್ನು. ಅದು ನಡುವೆ ಹರಿದು, ಕೈ ತೂರುವಷ್ಟು ತೂತಾಗಿತ್ತು.

ಮನೆಗೆಲಸದ ನೀಲವ್ವ ಹೇಳಿದಳು: "ಇನ್ನೊಮ್ಮೆ ಒಗದ್ರ ಚಿಂದಿ ಆಗ್ತೈತ್ರಿ ಅದು. ತಗದು ತಿಪ್ಪಿಗಿ ಹಾಕ್ರಿ. ಹುಡುಗಿ ನಾಕು ದಿನ ಅತ್ತು ಮರೀತಾಳ."

ಮರೆಯುತ್ತಿದ್ದಳೇ? ನೀವೇ ಹೇಳಿ, ಮರೆಯುತ್ತಿದ್ದಳೇ?

ದಾನಮ್ಮ ಅದನ್ನು ತಿಪ್ಪೆಗೆ ಹಾಕಲಿಲ್ಲ. ದರ್ಜಿಗೂ ಕೊಡಲಿಲ್ಲ. ಹುಡುಗಿ ಶಾಲೆಗೆ ಹೋದ ಮೇಲೆ ತನ್ನ ಮದುವೆಯ ಸೀರೆ ತೆಗೆದಳು. ಕತ್ತರಿ ಹಿಡಿದು ಸ್ವಲ್ಪ ತಡೆದಳು. ಆಮೇಲೆ ಸೆರಗಿನಿಂದಲೇ ಒಂದು ತುಂಡು ಕತ್ತರಿಸಿ, ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಕೂತಳು. ಆದರೆ ಸೂಜಿ ಹಿಡಿದು ಗೊತ್ತಿಲ್ಲದ ಕೈ ಅದು. ತವರಿನಲ್ಲೂ ಆಳುಕಾಳು, ಇಲ್ಲೂ ಆಳುಕಾಳು. ದಾರ ಗಂಟಾಯಿತು. ಸೂಜಿ ಬೆರಳಿಗೆ ಚುಚ್ಚಿತು. ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು, ಮತ್ತೆ ಬಿಚ್ಚಿದಳು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಬಾಗಿಲಲ್ಲಿ ಪಾಟೀಚೀಲ ಬಿದ್ದ ಸದ್ದಾಯಿತು. ತಲೆ ಎತ್ತಿದರೆ ಕಸ್ತೂರಿ ನಿಂತಿದ್ದಾಳೆ.

"ನಮ್ಮವ್ವನ ಕೌದಿ ಯಾಕ ಮುಟ್ಟೀರಿ?" ಎಂದು ಚೀರಿ, ಓಡಿ ಬಂದು ತುದಿ ಹಿಡಿದು ಎಳೆದಳು.

ದಾನಮ್ಮ ಗದರಿಸಬಹುದಿತ್ತು. ನಿನಗಾಗಿ ಮದುವೆಯ ಸೀರೆ ಕತ್ತರಿಸಿದ್ದೇನೆ ನೋಡು ಎಂದು ಎತ್ತಿ ತೋರಿಸಬಹುದಿತ್ತು. ತೋರಿಸಿದ್ದರೆ ಎಲ್ಲ ಅಲ್ಲಿಗೇ ಕೆಡುತ್ತಿತ್ತು. ಅವಳು ಕೌದಿಯಿಂದ ಕೈ ತೆಗೆದಳು. "ತೂತ ಬಿದ್ದಿತ್ತವಾ. ನಿನಗ ಥಂಡಿ ಆಗ್ತೈತಿ ಅಂತ ಹೊಲಿಯಾಕ ಕುಂತೆ. ನನಗ ಬರವಲ್ದು" ಎಂದಳು.

ಹುಡುಗಿ ತೇಪೆ ನೋಡಿದಳು. ಹೊಲಿಗೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಆಮೇಲೆ ದಾನಮ್ಮನ ಬೆರಳು ನೋಡಿದಳು. ತುದಿಯಲ್ಲೆಲ್ಲ ರಕ್ತದ ಚುಕ್ಕಿ.

"ಹಿಂಗಲ್ಲ," ಎಂದಳು ಕೊನೆಗೆ. "ಅಂಚಿನಿಂದ ಚಾಲೂ ಮಾಡಿ ಒಳಗ ಬರಬೇಕು. ನಮ್ಮವ್ವ ಹಂಗ ಮಾಡ್ತಿದ್ಲು."

"ನಿನಗ ಬರ್ತೈತೇನು?"

"ನೋಡೀನಿ." ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿದಳು. "ಗಟ್ಟಿ ಹಿಡಿ ಚಿಗವ್ವ, ಅರಿವಿ ಸರೀತೈತಿ."

ಚಿಗವ್ವ! ಕೇಳಿದಿರಾ? ಚಿಗವ್ವ!

ಆ ಚಳಿಗಾಲವೆಲ್ಲ ಶಾಲೆ ಬಿಟ್ಟ ಮೇಲೆ ಇಬ್ಬರೂ ಪಡಸಾಲೆಯಲ್ಲಿ ಕೂತರು. ಕೌದಿ ಮುಗಿಯಿತು. ಚಿಂದಿಯಿಂದ ದಿಂಬಿಗೆ ಗವಸು ಆಯಿತು, ಬಾಗಿಲಿಗೆ ಬಟ್ಟೆಯ ಗಿಳಿಗಳ ತೋರಣ ಆಯಿತು, ನೆರೆಮನೆಯ ಬಾಣಂತಿಯ ಕೂಸಿಗೆ ಕುಂಚಿಗೆಯೂ ಆಯಿತು. ಹೊಲಿಯುತ್ತ ಹುಡುಗಿ ತನ್ನ ತಾಯಿಯ ಮಾತು ತೆಗೆಯುವಳು. ದಾನಮ್ಮ ಕೇಳುವಳು. ಸತ್ತವಳ ಮೇಲೆ ಅವಳಿಗೂ ಒಳಗೊಳಗೆ ಹೊಟ್ಟೆಕಿಚ್ಚು ಇತ್ತು, ಮುಚ್ಚಿಡುವುದೇಕೆ? ಅದು ಆ ಪಡಸಾಲೆಯಲ್ಲೇ ಕರಗಿತು.

ಈಗ ನಿಮ್ಮ ಕಡೆ ಬರೋಣ. ಮದುವೆಗೆ ಹೊರಟಾಗ ಏನು ಮಾಡುತ್ತೀರಿ? ದಾರಿಯಲ್ಲಿ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, "ಏನರೆ ಒಂದು ಪ್ಯಾಕ್ ಮಾಡಿ ಕೊಡಪಾ" ಎನ್ನುತ್ತೀರಿ. ಏನಾದರೂ ಒಂದು! ಕೊಡುವ ನಿಮಗೇ ಒಳಗೇನಿದೆ ಗೊತ್ತಿಲ್ಲ. ಒಳಗಿರುವ ಗೋಡೆ ಗಡಿಯಾರವೋ ಮತ್ತೊಂದೋ ನಿಮ್ಮ ಮನೆಯಿಂದ ಅವರ ಮನೆಗೆ, ಅವರ ಮನೆಯಿಂದ ಇನ್ನೊಬ್ಬರ ಮನೆಗೆ, ಕಾಗದ ಬಿಚ್ಚದೆ ಊರೆಲ್ಲ ತಿರುಗುತ್ತದೆ. ನಗುತ್ತೀರಿ, ಯಾಕೆಂದರೆ ನಿಮ್ಮ ಅಟ್ಟದ ಮೇಲೂ ಅಂಥದ್ದೊಂದು ಇದೆ!

ಕೊಳ್ಳಬೇಡಿ ಎನ್ನುತ್ತಿಲ್ಲ. ಆದರೆ ನಿಮ್ಮೊಡನೆ ಮಾತು ಬಿಟ್ಟಿರುವ ಸೊಸೆಗೆ, ಮುಖ ತಿರುಗಿಸಿರುವ ತಮ್ಮನಿಗೆ, ಮುನಿಸಿಕೊಂಡ ಮಗನಿಗೆ ಅಂಗಡಿಯ ಪೊಟ್ಟಣ ಸಾಲದು. ಗಂಡಸರು ಅತ್ತ ನೋಡಬೇಡಿ, ನಿಮಗೂ ಹೇಳುತ್ತಿದ್ದೇನೆ. ಒಂದು ಕೈಚೀಲ ಹೊಲಿಯಿರಿ, ಒಂದು ಮಣೆ ಉಜ್ಜಿ ಬಣ್ಣ ಹಚ್ಚಿ, ಕೂಸಿಗೊಂದು ಬಟ್ಟೆಯ ಗಿಳಿ ಮಾಡಿ. ಬಾಗಿಲು ಮುಚ್ಚಿಕೊಂಡು ಮಾಡಬೇಡಿ, ಅವರ ಕಣ್ಣೆದುರು ಕೂತು ಮಾಡಿ. ಸೊಟ್ಟಗಾಗಲಿ. ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ಪಕ್ಕದಲ್ಲಿ ಬಂದು ಕೂರುವುದಕ್ಕೆ ಅವರಿಗೂ ಒಂದಿಷ್ಟು ಜಾಗ ಬೇಕಲ್ಲವೇ?

ಇನ್ನು ಏಳಿ. ಮನೆಗೆ ಹೋಗಿ ಸೂಜಿ ಎಲ್ಲಿದೆ ಹುಡುಕಿ.